ಸಾಕಿದ ನಾಯಿಯ ಚಿತ್ರ ಬಿಡಿಸುವುದು ಹೇಗೆ, ಅದಕ್ಕೆ ತೊಂದರೆ ಆಗದ ಹಾಗೆ

ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಟೀಚರ್. ಬೇಸಿಗೆ ರಜೆ ಹತ್ತಿರ ಬಂದರೆ ಮಕ್ಕಳದ್ದು ಒಂದೇ ಪ್ರಶ್ನೆ: "ಟೀಚರ್, ನಮ್ಮ ನಾಯಿ ಒಂದ್ ಕಡೆ ನಿಲ್ಲೋದೇ ಇಲ್ರಿ, ಹೆಂಗ್ ಬಿಡಿಸೋದು?" ಕೆಲವರು ಅದನ್ನು ಕಂಬಕ್ಕೆ ಕಟ್ಟಿ ಬಿಡಿಸಿಕೊಂಡು ಬರುತ್ತಾರೆ. ಆ ಚಿತ್ರಗಳಲ್ಲಿ ನಾಯಿ ಹೆದರಿರುವುದು ಕಿವಿಯಲ್ಲೇ ಗೊತ್ತಾಗುತ್ತದೆ. ನಾಯಿಯನ್ನು ನಿಲ್ಲಿಸಬೇಡಿ. ಅದು ಆರಾಮಾಗಿ ಇರುವ ಜಾಗಕ್ಕೆ ನೀವೇ ಹೋಗಿ ಕೂತುಕೊಳ್ಳಿ.

ಮೊದಲು ಹೊತ್ತು ನೋಡಿ. ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ಮೈ ತಣ್ಣಗೆ ಮಾಡಿಕೊಳ್ಳಬೇಕು. ಶಹಾಬಾದ್ ಪರಸಿ ಕಲ್ಲು ಹಾಸಿದ ಅಂಗಳ ಹೊತ್ತು ಇಳಿದ ಮೇಲೂ ಕಾದೇ ಇರುತ್ತದೆ. ಕೈಯ ಹಿಂಬದಿಯನ್ನು ಕಲ್ಲಿಗೆ ಒತ್ತಿ ಏಳು ಎಣಿಸಿ. ನಿಮಗೆ ತಡೆಯಲು ಆಗದಿದ್ದರೆ ಅದರ ಪಾದವೂ ಸುಡುತ್ತದೆ. ಬೆಳಗಿನ ತಂಪು ಹೊತ್ತು ಒಳ್ಳೆಯದು, ಇಲ್ಲವೇ ಮನೆಯೊಳಗೆ ಫ್ಯಾನಿನ ಕೆಳಗೆ. ಪಕ್ಕದಲ್ಲಿ ನೀರಿನ ಬಟ್ಟಲು ಇರಲಿ. ಏದುಸಿರು ನಿಲ್ಲದೆ, ಜೊಲ್ಲು ಅಂಟಂಟಾಗಿ, ನಡಿಗೆ ತೂರಾಡಿದರೆ ಪೆನ್ಸಿಲ್ ಬಿಟ್ಟೇಳಿ. ನೆರಳಿಗೆ ತಂದು, ಮೈಗೆ ನೀರು ಸುರಿದು, ಗಾಳಿ ಹಾಕಿ, ತಡಮಾಡದೆ ಪಶು ಆಸ್ಪತ್ರೆಗೆ ಹೊರಡಿ.

ನಮ್ಮ ಕರಿಯ ಬೀದಿಯಿಂದ ಬಂದು ಸೇರಿಕೊಂಡ ನಾಯಿ. ಬಚ್ಚಲಿನ ಪಕ್ಕದ ತಣ್ಣನೆ ಮೂಲೆ ಅವನ ಜಾಗ, ನಾನು ಮೂರು ಮಾರು ದೂರ ನೆಲದ ಮೇಲೆ ಕೂರುತ್ತೇನೆ. ನಿಂತು ಮೇಲಿನಿಂದ ದಿಟ್ಟಿಸಿದರೆ ನಾಯಿಗೆ ಇರುಸುಮುರುಸು. ಮಲಗಿದ ಭಂಗಿಯಿಂದಲೇ ಶುರು ಮಾಡಿ. ತಲೆಯಿಂದ ಬಾಲದ ತನಕ ಬೆನ್ನಿನ ಗೆರೆ, ಒಂದೇ ಎಳೆತ. ಎದೆಗೂಡಿಗೆ ದೊಡ್ಡ ಮೊಟ್ಟೆ ಆಕಾರ, ಸೊಂಟಕ್ಕೆ ಚಿಕ್ಕದು. ಆಮೇಲೆ ಕಾಲು. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿದ ಗಂಟನ್ನು ಎಲ್ಲರೂ ಮೊಣಕಾಲು ಅಂದುಕೊಳ್ಳುತ್ತಾರೆ. ಅದು ಹಿಮ್ಮಡಿ. ನಾಯಿ ಬೆರಳ ಮೇಲೆ ನಡೆಯುವ ಪ್ರಾಣಿ, ಅದರ ಮೊಣಕಾಲು ಮೇಲೆ ಹೊಟ್ಟೆಯ ಹತ್ತಿರ ಇರುತ್ತದೆ. ಇದು ಕೂತರೆ ಇಡೀ ಚಿತ್ರ ಕೂರುತ್ತದೆ.

ಎದ್ದು ಹೋದರೆ ಹೋಗಲಿ ಬಿಡಿ. ಅದೇ ಹಾಳೆಯಲ್ಲಿ ಇನ್ನೊಂದು ಶುರು ಮಾಡಿ. ಸುಮ್ನೆ ಕಾದರೆ ಮತ್ತೆ ಹಳೇ ಭಂಗಿಗೇ ಬರುತ್ತದೆ, ಆಗ ಮೊದಲನೆಯದನ್ನು ಮುಂದುವರಿಸಿ. ಕರೆಯಬೇಡಿ, ರೊಟ್ಟಿ ತೋರಿಸಿ ಕಾಡಿಸಬೇಡಿ. ಬಿಡಿಸಿ ಮುಗಿದ ಮೇಲೆ ಒಂದು ಚೂರು ಜೋಳದ ರೊಟ್ಟಿ ಕೊಟ್ಟರೆ ಸಾಕು.

ಕಣ್ಣು ಬಿಡಿಸುವಾಗ ಚೆನ್ನಾಗಿ ನೋಡಿ. ನಾಯಿ ಮುಖ ಆ ಕಡೆ ತಿರುಗಿಸಿ ನಿಮ್ಮತ್ತ ಓರೆಗಣ್ಣು ಹಾಕಿದೆಯಾ, ಬಿಳಿ ಭಾಗ ಅರ್ಧಚಂದ್ರನ ಹಾಗೆ ಕಾಣುತ್ತಿದೆಯಾ? ತಿಂಡಿ ಏನೂ ಇಲ್ಲದೆ ತುಟಿ ನೆಕ್ಕುತ್ತಿದೆಯಾ, ನಿದ್ದೆಯ ಹೊತ್ತಲ್ಲದಿದ್ದರೂ ಮತ್ತೆ ಮತ್ತೆ ಆಕಳಿಸುತ್ತಿದೆಯಾ? ಅದಕ್ಕೆ ಸಾಕಾಗಿದೆ ಅಂತಲೇ ಅರ್ಥ. ಅವತ್ತಿಗೆ ನಿಲ್ಲಿಸಿ. ಹೀಗೆ ನೋಡುವ ಅಭ್ಯಾಸ ಚಿತ್ರಕ್ಕಿಂತ ನಾಯಿಗೇ ಜಾಸ್ತಿ ಉಪಯೋಗ.

ಪ್ರತಿ ಹಾಳೆಯ ಮೂಲೆಯಲ್ಲಿ ತಾರೀಕು ಬರೆಯಿರಿ. ಒಮ್ಮೆ ಕರಿಯನ ಹಳೆಯ ಹಾಳೆಗಳನ್ನು ಸಾಲಾಗಿ ಹರಡಿದ್ದೆ. ಮೊದಮೊದಲು ಮುಂಗಾಲು ಎರಡೂ ಮುಂದಕ್ಕೆ ಚಾಚಿವೆ. ಕೊನೆಯ ಕೆಲವು ಹಾಳೆಗಳಲ್ಲಿ ಎಡಗಾಲು ಎದೆಯಡಿ ಮಡಚಿಕೊಂಡೇ ಇದೆ. ಅವನು ಕುಂಟುತ್ತಿರಲಿಲ್ಲ. ಪಾದ ಎತ್ತಿ ನೋಡಿದರೆ ಬೆರಳ ಸಂದಿಯಲ್ಲಿ ಮುರಿದ ಜಾಲಿ ಮುಳ್ಳಿನ ಕಪ್ಪು ತುದಿ, ಸುತ್ತ ಕೆಂಪಗೆ ಊದಿತ್ತು. ಡಾಕ್ಟರ್ ತೆಗೆದರು. ಪಕ್ಕೆಲುಬು ಎದ್ದು ಕಾಣುವುದು, ಒಂದೇ ಕಿವಿ ಜೋತು ಬೀಳುವುದು, ಇವೂ ಹೀಗೆಯೇ ಹಾಳೆಯಲ್ಲಿ ಮೊದಲು ಕಾಣುತ್ತವೆ.

ಹುಲಿ ಸಿಂಹ ಬಿಡಿಸಬೇಕು ಅನ್ನಿಸಿದರೆ ಬೀದರ್ ಕೋಟೆಗೆ ಹೋಗಿ. ಅಲ್ಲಿನ ಶರ್ಜಾ ದರ್ವಾಜಾ ಅನ್ನುವ ಹೆಬ್ಬಾಗಿಲ ಮೇಲಿನ ಕಲ್ಲಿನ ಹುಲಿಗಳು ಎಷ್ಟು ಹೊತ್ತಾದರೂ ಅಲುಗಾಡುವುದಿಲ್ಲ. ಬೀದರ್ ಕಡೆಯ ಕಪ್ಪು ಬಿಳಿ ದೇವಣಿ ಹಸು ಮೆಲುಕು ಹಾಕುತ್ತಾ ಮಲಗಿದ್ದಾಗ ಕಲಿಯಲು ಬಹಳ ಚೆನ್ನ.

ಬ್ರಶ್ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮುಂಗುಸಿ ಕೂದಲಿನ ಬ್ರಶ್ ಕೊಳ್ಳಲೇಬೇಡಿ. ಆ ಕೂದಲಿಗಾಗಿ ಮುಂಗುಸಿಗಳನ್ನು ಹಿಡಿದು ಕೊಲ್ಲುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ, 2019ರಲ್ಲಿ ದೇಶದ ಹಲವೆಡೆ ಇಂಥ ಬ್ರಶ್‌ಗಳ ಮೇಲೆ ದಾಳಿಯೂ ನಡೆಯಿತು. ಒಂದೊಂದು ಕೂದಲಲ್ಲೂ ಗಾಢ ಮತ್ತು ತಿಳಿ ಬಣ್ಣದ ಪಟ್ಟಿ ಕಂಡರೆ ಅನುಮಾನಪಡಿ. ನೈಲಾನ್ ಬ್ರಶ್ ಕೇಳಿ ಪಡೆಯಿರಿ. ಶಾಲೆಯ ಕೆಲಸಕ್ಕೆ ಅದು ಧಾರಾಳ ಸಾಕು.

ಪ್ರಾಣಿಯ ಮೈಗೆ ಮಾತ್ರ ಬಣ್ಣ ಬೇಡ, ಹೋಳಿಯಲ್ಲೂ ಬೇಡ. ನೆಕ್ಕಿಕೊಂಡರೆ ಹೊಟ್ಟೆಗೆ ಹೋಗುತ್ತದೆ. ಬೆಕ್ಕಿರುವ ಮನೆಯಲ್ಲಿ ಟರ್ಪೆಂಟೈನ್ ಬಾಟಲಿಯ ಮುಚ್ಚಳ ಬಿಗಿಯಾಗಿರಲಿ. ಬ್ರಶ್ ತೊಳೆದ ನೀರನ್ನು ನೆಲದ ಮೇಲೆ ಇಡಬೇಡಿ, ಬಾಯಾರಿದ ನಾಯಿಗೆ ಅದೂ ನೀರೇ. ಎದ್ದ ಕೂಡಲೇ ಚೆಲ್ಲಿ, ಲೋಟ ತೊಳೆದು ಮೇಲಿಡಿ.