ಪೆಟ್-ಸಿಟಿಯಲ್ಲಿ ಚುಕ್ಕೆ ಹೊಳೆದಾಗ ಸಿಟಿಯನ್ನು ಹೇಗೆ ಬಳಸಿಕೊಳ್ಳಬೇಕು

ಪೆಟ್-ಸಿಟಿ (ಸಕ್ಕರೆ ಜಾಸ್ತಿ ಬಳಸುವ ಜಾಗವನ್ನು ಹೊಳಪಾಗಿ ತೋರಿಸುವ ಪೆಟ್, ಅಂಗಗಳ ಆಕಾರ ತೋರಿಸುವ ಸಿಟಿ, ಎರಡೂ ಸೇರಿದ ಸ್ಕ್ಯಾನ್) ಓದಲು ಹೊಸದಾಗಿ ಕೂತವರು ಚುಕ್ಕೆ ಹುಡುಕುವ ಮೊದಲು ಎರಡೂ ಚಿತ್ರ ಒಂದರ ಮೇಲೊಂದು ಸರಿಯಾಗಿ ಕೂತಿವೆಯಾ ನೋಡಿ. ಸಿಟಿ ಕೆಲವೇ ಸೆಕೆಂಡಲ್ಲಿ ಮುಗಿಯುತ್ತದೆ, ಪೆಟ್‌ಗೆ ಹಲವು ನಿಮಿಷ ಬೇಕು, ಅಷ್ಟು ಹೊತ್ತೂ ರೋಗಿ ಉಸಿರಾಡುತ್ತಲೇ ಇರುತ್ತಾರೆ ಅಲ್ವಾ? ಹಾಗಾಗಿ ಲಿವರ್‌ನ ಮೇಲ್ತುದಿಯ ಗಂಟು ಶ್ವಾಸಕೋಶದ ತಳದಲ್ಲಿ ಇದ್ದಂತೆ ಕಾಣಬಹುದು. ಸಿಟಿಯಲ್ಲಿ ಆ ಜಾಗದಲ್ಲಿ ಏನೂ ಇಲ್ಲದಿದ್ದರೆ ಲಿವರನ್ನು ಮತ್ತೊಮ್ಮೆ ನೋಡಿ.

ಹುಬ್ಬಳ್ಳಿಯಲ್ಲಿ ಕೆಲಸ ಮಾಡುವವರು ಕುತ್ತಿಗೆಗೆ ಜಾಸ್ತಿ ಸಮಯ ಕೊಡಲೇಬೇಕು. ತಂಬಾಕು, ಅಡಿಕೆ ಜಗಿದು ಬಾಯಿ ಕ್ಯಾನ್ಸರ್ ಆದವರು ಗದಗ, ಹಾವೇರಿ ಕಡೆಯಿಂದ ಇಲ್ಲಿಗೆ ಬರುತ್ತಾರೆ. ಎಫ್‌ಡಿಜಿ (ಪೆಟ್‌ಗೆ ಕೊಡುವ, ಸಕ್ಕರೆಯಂಥ ವಿಕಿರಣಶೀಲ ಔಷಧ) ಇಂಜೆಕ್ಷನ್ ಆದಮೇಲೆ ಏನಾದರೂ ಜಗಿದರೆ ದವಡೆಯ ಸ್ನಾಯು ಹೊಳೆಯುತ್ತದೆ, ಮಾತಾಡುತ್ತಾ ಕೂತರೆ ಧ್ವನಿಪೆಟ್ಟಿಗೆ ಹೊಳೆಯುತ್ತದೆ. ಅದಕ್ಕೇ ಮೊದಲೇ ಹೇಳಿಬಿಡಿ: "ಕಾಕಾ, ಒಂದು ತಾಸು ಸುಮ್ನ ಮಲಕೊರಿ, ಮಾತೂ ಬ್ಯಾಡ, ಅಡಕಿನೂ ಬ್ಯಾಡ."

ಆಮೇಲೆ ಹೊಳಪು ಯಾವುದರ ಮೇಲೆ ಬಿದ್ದಿದೆ ಅಂತ ಸಿಟಿಯಲ್ಲಿ ನೋಡಿ. ಎರಡೂ ಕಡೆ ಸಮನಾಗಿದ್ದು, ಅಲ್ಲಿ ಸುಮಾರು ಮೈನಸ್ 100 ಹೌನ್ಸ್‌ಫೀಲ್ಡ್ ಯೂನಿಟ್‌ನ (ಸಿಟಿಯಲ್ಲಿ ಸಾಂದ್ರತೆ ಅಳೆಯುವ ಮಾನ) ಬರೀ ಕೊಬ್ಬಿದ್ದರೆ, ಅದು ಚಳಿಗೆ ಚುರುಕಾದ ಕಂದು ಕೊಬ್ಬು ಇರಬಹುದು. ದುಂಡಗಿನ ಲಿಂಫ್ ನೋಡ್ (ದುಗ್ಧರಸ ಗ್ರಂಥಿ) ಮೇಲೆ ಸರಿಯಾಗಿ ಕೂತಿದ್ದರೆ ಬಿಡಬೇಡಿ. ಆದರೆ ಸಮ ಇಲ್ಲ ಅಂದ ತಕ್ಷಣ ರೋಗ ಅಂತಲೂ ಅಲ್ಲ. ಒಂದು ಕಡೆಯ ಧ್ವನಿತಂತು ಕೆಲಸ ನಿಲ್ಲಿಸಿದ್ದರೆ ಚೆನ್ನಾಗಿರುವ ತಂತುವೇ ಹೊಳೆಯುತ್ತದೆ, ಅದನ್ನು ಗೆಡ್ಡೆ ಅಂತ ಬರೆದರೆ ಆ ಮನುಷ್ಯ ಸುಮ್ನೆ ಬಯಾಪ್ಸಿಗೆ ಓಡಾಡಬೇಕಾಗುತ್ತದೆ. ಹಲ್ಲಿಗೆ ಲೋಹ ಕೂರಿಸಿದ್ದರೆ ಅದರ ಸುತ್ತ ಸುಳ್ಳು ಹೊಳಪು ಬರಬಹುದು. ಅಟೆನ್ಯುಏಶನ್ ಕರೆಕ್ಷನ್ (ದೇಹ ತಡೆದ ಕಿರಣದ ಲೆಕ್ಕವನ್ನು ಸಿಟಿ ನೋಡಿ ಸರಿಪಡಿಸುವುದು) ಮಾಡದ ಪೆಟ್ ಚಿತ್ರ ತೆರೆಯಿರಿ, ಅದರಲ್ಲಿ ಹೊಳಪು ಕಾಣದಿದ್ದರೆ ಅದು ಲೋಹದಿಂದ ಬಂದಿರುವ ಸಾಧ್ಯತೆಯೇ ಹೆಚ್ಚು.

ಹೊಟ್ಟೆಯಲ್ಲಿ ಮೂತ್ರನಾಳ ಮೋಸ ಮಾಡುತ್ತದೆ. ಎಫ್‌ಡಿಜಿ ಮೂತ್ರದಲ್ಲಿ ಹೋಗುವುದರಿಂದ ಅಲ್ಲಿನ ಚುಕ್ಕೆ ನೋಡ್ ತರಹವೇ ಕಾಣುತ್ತದೆ. ಕಿಡ್ನಿಯಿಂದ ಕೆಳಕ್ಕೆ ಒಂದೊಂದೇ ಸ್ಲೈಸ್ ನೋಡುತ್ತಾ ನಾಳವನ್ನು ಹಿಂಬಾಲಿಸಿ.

ಇಷ್ಟೆಲ್ಲ ಹೊಳೆಯುವುದರ ಮಾತಾಯಿತು, ಹೊಳೆಯದೆ ಉಳಿದ ಗಂಟು ಇನ್ನೂ ಅಪಾಯ. ಪೆಟ್‌ನ ಸ್ಪಷ್ಟತೆ ಸಾಮಾನ್ಯವಾಗಿ 4ರಿಂದ 6 ಮಿಲಿಮೀಟರ್, ಅದರ ಮೇಲೆ ಉಸಿರಾಟದ ಅಲುಗಾಟ ಬೇರೆ. ಹಾಗಾಗಿ ಶ್ವಾಸಕೋಶದ ಪುಟ್ಟ ಗಂಟು ಕ್ಯಾನ್ಸರ್ ಆಗಿದ್ದರೂ ಮಂಕಾಗಿಯೇ ಇರಬಹುದು. ಪೆಟ್ ಮುಚ್ಚಿ, ಲಂಗ್ ವಿಂಡೋದಲ್ಲಿ (ಶ್ವಾಸಕೋಶ ಚೆನ್ನಾಗಿ ಕಾಣುವಂತೆ ಹೊಂದಿಸಿದ ನೋಟ) ಸಿಟಿಯೊಂದನ್ನೇ ಪೂರ್ತಿ ನೋಡಿ. ಹಳೇ ಸಿಟಿಯ ಸಿಡಿ ತರಲು ಅಪಾಯಿಂಟ್‌ಮೆಂಟ್ ಕೊಡುವಾಗಲೇ ಮನೆಯವರಿಗೆ ಹೇಳಿ, ಬರೀ ರಿಪೋರ್ಟ್ ಸಾಲದು. ಗಂಟು ಬೆಳೆದಿದ್ದರೆ, ಹೊಳೆಯದಿದ್ದರೂ ಅಳತೆ ಸಮೇತ ರಿಪೋರ್ಟಲ್ಲಿ ಬರೆಯಿರಿ.