ಆಕಾಶದ ತಾಪಮಾನದಿಂದ ನಮ್ಮ ಚಲನೆಯನ್ನು ಕಳೆಯುವ ಬಗೆ

ಪುಣೆಯಲ್ಲಿ ಭೌತಶಾಸ್ತ್ರ ಓದುವ ನಮ್ಮ ಕನ್ನಡದ ವಿದ್ಯಾರ್ಥಿಗಳು ವಿಶ್ವ ಹಿನ್ನೆಲೆ ವಿಕಿರಣದ (ವಿಶ್ವದ ಆರಂಭಕಾಲದಿಂದ ಉಳಿದು, ಎಲ್ಲ ದಿಕ್ಕುಗಳಿಂದಲೂ ಬರುವ ಮೈಕ್ರೋವೇವ್ ಅಲೆಗಳ) ತಾಪಮಾನ 2.725 ಕೆಲ್ವಿನ್ ಎಂದು ಬರೆದು ಮುಂದೆ ಹೋಗಿಬಿಡುತ್ತಾರೆ. ಅದು ಇಡೀ ಆಕಾಶದ ಸರಾಸರಿ. ಅಳೆಯುವವರೇ ಚಲಿಸುತ್ತಿರುವುದರಿಂದ, ಎದುರಿನಿಂದ ಬರುವ ಅಲೆಗಳು ಒತ್ತೊತ್ತಾಗಿ ಬಂದು ಆ ಭಾಗ ತುಸು ಬೆಚ್ಚಗೂ, ಬೆನ್ನಿನ ಭಾಗ ತುಸು ತಣ್ಣಗೂ ಕಾಣುತ್ತದೆ.

ಮೊದಲು ನಾವು ಸಾಗುವ ದಿಕ್ಕನ್ನು ಗೊತ್ತುಮಾಡಿಕೊಳ್ಳಿ. ಏಪ್ರಿಲ್ ನಡುವಿನಲ್ಲಿ, ರಾತ್ರಿ ಸುಮಾರು ಹತ್ತು ಗಂಟೆಗೆ, ಪುಣೆಯ ತಾರಸಿಯ ಮೇಲೆ ದಕ್ಷಿಣಕ್ಕೆ ಮುಖಮಾಡಿ ನಿಂತರೆ, ದಿಗಂತದಿಂದ ಸುಮಾರು 64 ಡಿಗ್ರಿ ಎತ್ತರದಲ್ಲಿ, ಸಿಂಹ ರಾಶಿಯ ಕೆಳಗೆ ಆ ಜಾಗವಿದೆ. ಸೌರವ್ಯೂಹ ಸೆಕೆಂಡಿಗೆ ಸುಮಾರು 370 ಕಿ.ಮೀ. ವೇಗದಲ್ಲಿ ಅತ್ತ ಸಾಗುತ್ತಿದೆ.

ಈ ವೇಗವನ್ನು ಬೆಳಕಿನ ವೇಗದಿಂದ ಭಾಗಿಸಿ, ಬಂದ 0.00123ನ್ನು 2.725ರಿಂದ ಗುಣಿಸಿದರೆ ಸುಮಾರು 3.36 ಮಿಲಿಕೆಲ್ವಿನ್ ಸಿಗುತ್ತದೆ; ಎದುರಿನ ಭಾಗ ಸರಾಸರಿಗಿಂತ ಅಷ್ಟು ಬೆಚ್ಚಗೆ ಕಾಣುತ್ತದೆ. ಬೇರೆ ದಿಕ್ಕಿಗೆ, ನಾವು ಸಾಗುವ ದಿಕ್ಕಿನಿಂದ ಅದಕ್ಕಿರುವ ಕೋನದ ಕೋಸೈನ್‌ನಿಂದ ಗುಣಿಸಿ: 60 ಡಿಗ್ರಿಯಲ್ಲಿ ಅರ್ಧ, 90ರಲ್ಲಿ ಬಹುತೇಕ ಸೊನ್ನೆ. ವಿಕಿರಣದ ಸ್ವಂತ ಏರಿಳಿತಗಳು ಕೆಲವು ಹತ್ತು ಮೈಕ್ರೊಕೆಲ್ವಿನ್ ಮಾತ್ರ ಆಗಿರುವುದರಿಂದ ಇದನ್ನು ಕಳೆಯದೆ ಅವು ಕಾಣಲಾರವು.

ಅಳತೆಯ ದಿನಾಂಕವನ್ನೂ ತಪ್ಪದೆ ಬರೆದಿಡಿ. ಭೂಮಿ ಸೂರ್ಯನನ್ನು ಸುತ್ತುವ ಸೆಕೆಂಡಿಗೆ 30 ಕಿ.ಮೀ. ವೇಗ ಡಿಸೆಂಬರ್ ನಡುವೆ ಆ ದಿಕ್ಕಿನಲ್ಲಿ ಕೂಡಿ ಒಟ್ಟು 400 ಆಗುತ್ತದೆ, ಜೂನ್‌ನಲ್ಲಿ ಕಳೆದು 340ಕ್ಕೆ ಇಳಿಯುತ್ತದೆ. (ಗಂಟೆಗೆ 100 ಕಿ.ಮೀ. ಓಡುವ ಮುಂಬೈ ರೈಲೂ ಕಾಲು ಮೈಕ್ರೊಕೆಲ್ವಿನ್ ಸೇರಿಸುತ್ತದೆ; ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ.) ನನ್ನ ಮಟ್ಟಿಗೆ ಈ ವಾರ್ಷಿಕ ಏರಿಳಿತವೇ ಇಡೀ ಕೆಲಸದ ಬೆಲೆಬಾಳುವ ಭಾಗ. 370 ಎಂಬ ಸಂಖ್ಯೆ ಇದೇ ವಿಕಿರಣವನ್ನು ಅಳೆದು ಪಡೆದದ್ದಾದ್ದರಿಂದ ಅದರಿಂದಲೇ ಉಪಕರಣವನ್ನು ಪರೀಕ್ಷಿಸುವುದು ಸುತ್ತಿ ಸುತ್ತಿ ಅಲ್ಲಿಗೇ ಬಂದಂತೆ. ಭೂಮಿಯ ವೇಗವಾದರೋ ಗ್ರಹಗತಿಯ ಗಣಿತದಿಂದ ಬೇರೆಯಾಗಿಯೇ ಗೊತ್ತಿದೆ. ಈ ವಿಕಿರಣವನ್ನು ಅಳೆಯಲು 2009ರಲ್ಲಿ ಹಾರಿದ ಪ್ಲಾಂಕ್ ಉಪಗ್ರಹವೂ ಸೂರ್ಯನ ಸುತ್ತಲಿನ ತನ್ನ ಚಲನೆಯನ್ನೇ ಅಳತೆಗೋಲಾಗಿ ಬಳಸಿಕೊಂಡಿತು.

ತಾಪಮಾನವನ್ನು ಕಳೆದ ಮೇಲೆ ಆ ಏರಿಳಿತಗಳು ಆಕಾಶದಲ್ಲಿ ಕಾಣುವ ಸ್ಥಾನಗಳನ್ನೂ ತಿದ್ದಬೇಕು. ಖಂಡಾಲಾ ಘಾಟಿಯಲ್ಲಿ ಓಡುವ ರೈಲಿನ ಕಿಟಕಿಗೆ ಮಳೆಹನಿ ಓರೆಯಾಗಿ ಬಡಿಯುವಂತೆ, ಈ ಬೆಳಕೂ ನಾವು ಸಾಗುವ ಕಡೆಗೆ ಸರಿದು ತೋರುತ್ತದೆ. ಸುಮಾರು 4.2 ಕಲೆಗಳನ್ನು (ಒಂದು ಕಲೆ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ), ಅಂದರೆ 0.07 ಡಿಗ್ರಿಯನ್ನು, ಕೋನದ ಸೈನ್‌ನಿಂದ ಗುಣಿಸಿದರೆ ಆ ಸರಿತ ಸಿಗುತ್ತದೆ. ತಾಪಮಾನದಲ್ಲಿ ವ್ಯತ್ಯಾಸವೇ ಇಲ್ಲವೆಂದು ನಾವು ಕೈಬಿಟ್ಟ 90 ಡಿಗ್ರಿಯ ಪಟ್ಟಿಯಲ್ಲೇ ಅದು ಎಲ್ಲಕ್ಕಿಂತ ಹೆಚ್ಚು.