ಎಚ್‌ಐವಿ ರಿಪೋರ್ಟಿನಲ್ಲಿ ಎಂ184ವಿ ಅಂತ ಬಂದಿದೆಯಾ? ಓದೋದು ಹೀಗೆ

ಗದಗಿನ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಅಚ್ಚಿಗೆ ಹೋಗೋ ಮುಂಚೆ ಯಾರಾದರೂ ಕೂತು ಪ್ರೂಫ್ ನೋಡುತ್ತಾರೆ. ಇಲ್ಲಾಂದ್ರೆ ಮಲ್ಲಪ್ಪ ಹೋಗಿ ಕಲ್ಲಪ್ಪ ಆಗಿರುತ್ತಾನೆ. ಎಚ್‌ಐವಿಗೆ ಪ್ರೂಫ್ ನೋಡುವವರೇ ಇಲ್ಲ. ಅದರ ಆರ್‌ಎನ್‌ಎಯಲ್ಲಿ, ಅಂದರೆ ಅದರ ತಳಿ ಬರಹದಲ್ಲಿ, ಸುಮಾರು 9,700 ಅಕ್ಷರ. ಅದನ್ನು ಡಿಎನ್‌ಎಗೆ ನಕಲು ಮಾಡುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವ ತಪ್ಪು ಬರೆದರೂ ಹಿಂದಿರುಗಿ ನೋಡುವುದಿಲ್ಲ. ಔಷಧಿ ಶುರುವಾಗದ ಮೈಯಲ್ಲಿ ದಿನಕ್ಕೆ ನೂರಾರು ಕೋಟಿ ವೈರಸ್ ಹುಟ್ಟುತ್ತವೆ, ಹಾಗಾಗಿ ತಪ್ಪುಗಳಿಗೇನು ಬರ? ಬಹಳಷ್ಟು ತಪ್ಪು ಪ್ರತಿಗಳು ಕೆಲಸಕ್ಕೆ ಬರುವುದಿಲ್ಲ. ಒಂದೆರಡು ಮಾತ್ರ ಗುಳಿಗೆಗೆ ಜಗ್ಗದಂಥವು.

ಈಗ ರಿಪೋರ್ಟ್ ಕೈಗೆತ್ತಿಕೊಳ್ಳಿ, ಅಂದರೆ ನಿಮ್ಮ ವೈರಸ್ ಯಾವ ಗುಳಿಗೆಗೆ ಜಗ್ಗುವುದಿಲ್ಲ ಅಂತ ಹೇಳುವ ಪರೀಕ್ಷೆಯದು. ಮೊದಲು ನಡುವಿನ ಅಂಕಿ ನೋಡಿ. 184 ಅಂದರೆ ಆ ಕಿಣ್ವದ 184ನೇ ಜಾಗ. ಎಡಗಡೆ ಅಕ್ಷರ ಅಲ್ಲಿ ಇರಬೇಕಿದ್ದದ್ದು, ಬಲಗಡೆಯದು ಈಗ ಬಂದು ಕೂತಿರೋದು. ಒಂದೊಂದು ಅಕ್ಷರವೂ ಕಿಣ್ವವನ್ನು ಕಟ್ಟುವ ಒಂದು ಅಮೈನೋ ಆಮ್ಲದ ಗುರುತು. ಇಲ್ಲಿ ಮಿಥಿಯೋನಿನ್ (ಎಂ) ಹೋಗಿ ವ್ಯಾಲಿನ್ (ವಿ) ಬಂದಿದೆ.

ಆಮೇಲೆ, ಯಾವ ಗುಳಿಗೆ ಕೆಟ್ಟಿತು ಅಂತ ನೋಡಿ. ಎಂ184ವಿ ಇದ್ದರೆ ಲ್ಯಾಮಿವುಡಿನ್. ವ್ಯಾಲಿನ್ ಅಡ್ಡ ಬರುವುದರಿಂದ ಆ ಗುಳಿಗೆ ಕಿಣ್ವದಲ್ಲಿ ಸರಿಯಾಗಿ ಕೂರುವುದಿಲ್ಲ.

ಮೂರನೆಯದು ನನಗೆ ಬಹಳ ಹಿಡಿಸಿದ ಭಾಗ: ಇದಕ್ಕೆ ವೈರಸ್ ಏನು ಕಳೆದುಕೊಂಡಿತು? ವೈರಸ್ಸಿನ ಫಿಟ್‌ನೆಸ್ ಅಂದರೆ ಎಷ್ಟು ಜೋರಾಗಿ ಸಂತಾನ ಬೆಳೆಸುತ್ತದೆ ಅನ್ನೋದು, ಅಷ್ಟೇ. ಎಂ184ವಿ ಬಂದ ವೈರಸ್ ಸೊರಗುತ್ತದೆ, ಮೇಲಾಗಿ ಟೆನೊಫೊವಿರ್, ಜಿಡೊವುಡಿನ್ ಎಂಬ ಬೇರೆ ಗುಳಿಗೆಗಳಿಗೆ ಇನ್ನೂ ಸುಲಭವಾಗಿ ಬಗ್ಗುತ್ತದೆ. ಅದಕ್ಕೇ ಎಷ್ಟೋ ಸಲ ಡಾಕ್ಟರು 'ಕೆಟ್ಟ' ಲ್ಯಾಮಿವುಡಿನ್ ಅನ್ನೇ ಮುಂದುವರಿಸುತ್ತಾರೆ. ಸುಮ್ನೆ ಅಲ್ಲ ಅದು.

ಕೆ103ಎನ್ ಎಂಬ ಇನ್ನೊಂದು ಬದಲಾವಣೆ ಹಾಗಲ್ಲ. ಎಫಾವಿರೆಂಜ್, ನೆವಿರಾಪಿನ್ ಎಂಬ ಗುಳಿಗೆ ಎರಡನ್ನೂ ಕೆಡಿಸುತ್ತದೆ, ವೈರಸ್ಸಿಗೆ ನಷ್ಟವೇ ಇಲ್ಲ ಅನ್ನಬಹುದು. ಹಾವೇರಿ ಕಡೆಯ ಪರಿಚಯದವರೊಬ್ಬರು ಕೆಲವು ವರ್ಷಗಳ ಹಿಂದೆ ಗೋವಾಕ್ಕೆ ದುಡಿಯಲು ಹೋದಾಗ ಗುಳಿಗೆ ಡಬ್ಬಿ ಊರಲ್ಲೇ ಉಳಿಯಿತು. ಮೂರೂ ಗುಳಿಗೆ ಒಟ್ಟಿಗೇ ನಿಂತವು ಅಂದುಕೊಂಡಿದ್ದರು. ಆದರೆ ಜಿಡೊವುಡಿನ್, ಲ್ಯಾಮಿವುಡಿನ್ ಬೇಗ ಇಳಿದವು, ಎಫಾವಿರೆಂಜ್ ಮಾತ್ರ ರಕ್ತದಲ್ಲಿ ವಾರಕ್ಕೂ ಜಾಸ್ತಿ ಉಳಿಯಿತು. ಒಬ್ಬನೇ ಕಾವಲುಗಾರ ಇದ್ದರೆ ಕಳ್ಳನಿಗೆ ಅನುಕೂಲ ಅಲ್ವಾ? ಮುಂದೆ ರಿಪೋರ್ಟಿನಲ್ಲಿ ಕೆ103ಎನ್ ಬಂತು. ಈಗ ಕೊಡುವ ಡೊಲುಟೆಗ್ರಾವಿರ್ ಅನ್ನು ಮಣಿಸುವುದು ವೈರಸ್ಸಿಗೆ ಇಷ್ಟು ಸುಲಭವಲ್ಲ, ಹಾಗಂತ ಬಿಟ್ಟು ಬಿಟ್ಟು ನುಂಗಬಾರದು.

ಕೊನೆಗೆ, ರಕ್ತ ಕೊಟ್ಟ ದಿನ ಗುಳಿಗೆ ನುಂಗುತ್ತಿದ್ದಿರಾ ಅಂತ ನೆನಪಿಸಿಕೊಳ್ಳಿ. ಬಿಟ್ಟು ತಿಂಗಳುಗಳಾಗಿದ್ದರೆ ಜೋರಿನ ಹಳೇ ವೈರಸ್ಸೇ ಮತ್ತೆ ತುಂಬಿಕೊಂಡು ಎಂ184ವಿ ರಿಪೋರ್ಟಿನಲ್ಲಿ ಕಾಣದೇ ಹೋಗಬಹುದು. ಅದು ಹೋಗಿರುವುದಿಲ್ಲ, ಎಚ್‌ಐವಿ ಸೇರಿಕೊಳ್ಳುವ ಸಿಡಿ4 ಎಂಬ ಬಿಳಿ ರಕ್ತಕಣಗಳಲ್ಲಿ ಅಡಗಿರುತ್ತದೆ. ಲ್ಯಾಮಿವುಡಿನ್ ಮತ್ತೆ ಶುರುವಾದರೆ ಹೊರಗೆ ಬರುತ್ತದೆ. ಹಾಗಾಗಿ ಹಳೇ ರಿಪೋರ್ಟ್ ಎಸೆಯಬೇಡಿ, ಎಚ್‌ಐವಿ ಗುಳಿಗೆ ಕೊಡುವ ಎಆರ್‌ಟಿ ಸೆಂಟರಿಗೆ ಹೋಗುವಾಗ ಹೊಸದರ ಜೊತೆ ಅದನ್ನೂ ಒಯ್ಯಿರಿ.